ರೇಡಿಯೋಗೆ ನಾನು ಅರ್ಥ ಕೊಟ್ಟದ್ದು

ಆ ದಿನ ನಾನು ಮಾಡಿದ ಕೆಲಸಗಳು ಇವು: ಕೋಳಿ ಕೂಗುವ ಮುಂಚೆ ಎದ್ದು ನೀರು ಸೇದಿ ಹಂಡೆ ತುಂಬಿಸಿದೆ. ಹಸುವನ್ನು ಆಚೆ ಕಟ್ಟಿ ಹುಲ್ಲು ಹಾಕಿದೆ. ಕೋಟಿನ ಒಂದು ತೋಳಿಗೆ ಗುಂಡಿ ಹೊಲಿದೆ. ಇನ್ನೊಂದು ತೋಳಿಗೆ ಗುಂಡಿ ಸಿಗಲಿಲ್ಲ, ಆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡರಾಯಿತು ಅಂದುಕೊಂಡೆ. ಸ್ಕೂಲಿನ ಜಗಲಿ ಗುಡಿಸಿದೆ. ಇದ್ದಲು ಅರೆದು ಸೊಪ್ಪಿನ ರಸದಲ್ಲಿ ಕಲಸಿ ಬೋರ್ಡಿಗೆ ಬಳಿದೆ, ಮಿಕ್ಕಿದ್ದನ್ನು ಪಂಚೆಗೆ ಬಳಿದುಕೊಂಡೆ. ಸ್ಕೂಲಿನ ಪಕ್ಕದಲ್ಲೇ ಇದ್ದ ಮನೆಗೆ ಬಂದು ಪಂಚೆ ಬದಲಾಯಿಸಿದೆ. ಮತ್ತೆ ಹೋಗಿ ರೇಡಿಯೋ ಪೆಟ್ಟಿಗೆಯ ಧೂಳು ಒರೆಸಿದೆ. ಇನ್ನೊಂದು ಸಲ ಒರೆಸಿದೆ. ಮತ್ತೂ ಒರೆಸುತ್ತಿದ್ದಾಗ ಮಜ್ಜಿಗೆ ತಂದ ನನ್ನ ಹೆಂಡತಿ, "ಇನ್ನೂ ವಸಿ ಉಜ್ಜಿ, ಒಳಗೆ ಕುಂತಿರೋನು ಎದ್ದು ಆಚೆಗೆ ಬಂದಾನು" ಅಂದಳು.

ಅಂದು ಸಂಜೆ ಮದ್ದೂರಿನಿಂದ ಸ್ಕೂಲುಗಳ ಇನ್ಸ್‌ಪೆಕ್ಟರ್ ಸಾಹೇಬರು ಬರುವವರಿದ್ದರು. ಸರ್ಕಾರ ಊರಿಗೆ ಕೊಟ್ಟಿದ್ದ ರೇಡಿಯೋ ಅವರೆದುರಿಗೆ ನೆಟ್ಟಗೆ ಮಾತಾಡಿದರೆ ನಮ್ಮಲ್ಲೇ ಉಳಿಯುತ್ತಿತ್ತು. ಇಲ್ಲವಾದರೆ ಅದನ್ನು ಗಾಡಿಗೆ ಏರಿಸಿ ಕಿರುಗಾವಲಿನ ಸ್ಕೂಲಿಗೆ ಕಳಿಸುವುದೆಂದು ಹೇಳಿಕಳಿಸಿದ್ದರು. ಅಲ್ಲಿದ್ದವರು ಇನ್ನೂ ಮೀಸೆ ದಟ್ಟವಾಗದ ಹೊಸ ಮೇಷ್ಟ್ರು, ಇಂಗ್ಲಿಷ್ ಬಲ್ಲವರು.

ನಾನೋ ಇಂಗ್ಲಿಷನ್ನು ದೂರದಿಂದಲೇ ಕೈಮುಗಿದು ಕಳಿಸಿದವನು. ಆತಗೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ನನಗೆ ಮಗ್ಗಿ ಮೇಷ್ಟ್ರು ಅಂತಲೇ ಹೆಸರು. ರೇಡಿಯೋ ಬರುವುದಕ್ಕೆ ಮುಂಚೆ ಒಂದು ದಿನ ಮದ್ದೂರಿನ ಆಫೀಸಿನಲ್ಲಿ, ಬಾಗಿಲ ಮರೆಯಲ್ಲಿ ನಾನು ಚಪ್ಪಲಿ ಬಿಡುತ್ತಿದ್ದಾಗ, ಒಳಗಿನವರು ಯಾರೋ "ಈ ಹಳೇ ಮೇಷ್ಟ್ರುಗಳಿಗೆ ಹೊಸದು ಹತ್ತೋದಿಲ್ಲ" ಅಂದದ್ದು ಕಿವಿಗೆ ಬಿತ್ತು. ಬಿಟ್ಟ ಚಪ್ಪಲಿಯನ್ನು ಮತ್ತೆ ಹಾಕಿಕೊಂಡು ಹೊರಟುಬಿಡೋಣ ಅನ್ನಿಸಿತು. ಹಾಕಿಕೊಳ್ಳಲಿಲ್ಲ, ಒಳಗೆ ಹೋಗಿ, ಮಂಡ್ಯದಲ್ಲಿ ನಡೆಯಲಿದ್ದ ರೇಡಿಯೋ ತರಬೇತಿಗೆ ನನ್ನನ್ನೇ ಕಳಿಸಿ ಅಂತ ಕೇಳಿದೆ. ಕೇಳಿದ್ದು ನಾನೇ, ಯಾರೂ ತಳ್ಳಲಿಲ್ಲ. ಅದಕ್ಕೇ ರೇಡಿಯೋ ಹೊರಟುಹೋದರೆ ಅದರ ಜೊತೆಗೆ ನನ್ನ ಮಾನವೂ ಗಾಡಿ ಹತ್ತುತ್ತಿತ್ತು.

ಮಂಡ್ಯದ ತರಬೇತಿಗೆ ರೈಲಿನಲ್ಲಿ ಹೋದೆ. ಮೈಸೂರಿನಿಂದ ಬಂದಿದ್ದ ಕನ್ನಡಕದವರೊಬ್ಬರು ಬೆಳಿಗ್ಗೆಯೆಲ್ಲ ಪೆಟ್ಟಿಗೆ, ತಿರುಪು, ಬ್ಯಾಟರಿ ಅಂತ ವಿವರಿಸಿದರು. ಅಷ್ಟನ್ನೂ ಚೆನ್ನಾಗಿ ಕೇಳಿದೆ. ಮಧ್ಯಾಹ್ನ ಊಟಕ್ಕೆ ಹೋಳಿಗೆ ಹಾಕಿಬಿಟ್ಟರು. ಆಮೇಲೆ ಎಲ್ಲರನ್ನೂ ಕಟ್ಟಡದ ಹಿಂದಕ್ಕೆ ಕರೆದುಕೊಂಡು ಹೋಗಿ ಅದೇನೋ ತೋರಿಸಿದರಂತೆ. ನಾನು ಕಂಬಕ್ಕೆ ಒರಗಿದವನು ಒರಗಿಯೇ ಇದ್ದೆ. ಕಣ್ಣು ಬಿಟ್ಟಾಗ ಎಲ್ಲರೂ ಒಳಗೆ ಬಂದು ಕೂತಿದ್ದರು, ಕನ್ನಡಕದವರು ಕೈ ಎತ್ತಿ ಹೇಳುತ್ತಿದ್ದರು: "ನೆನಪಿಟ್ಟುಕೊಳ್ಳಿ. ಅರ್ತ್ ಕೊಡದೆ ಇದ್ದರೆ ಬರೀ ಗೊರಗೊರ. ಅರ್ತ್ ಆಳವಾಗಿರಬೇಕು. ಒಣಗೋದಕ್ಕೆ ಬಿಡಬಾರದು."

ನನಗೆ ಮೈ ಜುಮ್ಮೆಂದಿತು. ಇಷ್ಟು ವರ್ಷ ಪಾಠ ಹೇಳಿದ್ದೇನೆ, ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ. ಅರ್ಥ ಕೊಡದೆ ಇದ್ದರೆ ಬರೀ ಗೊರಗೊರ! ಪದ್ಯವಾದರೂ ಅಷ್ಟೇ, ಲೆಕ್ಕವಾದರೂ ಅಷ್ಟೇ. ಹಿಂದಿರುಗುವಾಗ ಯಲಿಯೂರು ದಾಟುವವರೆಗೂ ರೈಲಿನಲ್ಲಿ ಪಕ್ಕದವರಿಗೆ ಇದನ್ನೇ ಹೇಳಿದೆ. ಯಂತ್ರದವರೂ ಕೊನೆಗೆ ಮೇಷ್ಟ್ರ ಹತ್ತಿರವೇ ಬರಬೇಕು ನೋಡಿ, ಅಂದೆ. ಅವರು ಹೌದು ಹೌದು ಅಂದು ಕಿಟಕಿಯ ಕಡೆಗೆ ತಿರುಗಿಕೊಂಡರು.

ರೇಡಿಯೋ ಸೆಟ್ಟು ಬಂತು. ಜೊತೆಗೆ ಬಂದ ಇಬ್ಬರು ಎತ್ತರದ ಎರಡು ಬಿದಿರು ನೆಟ್ಟು, ಮೇಲೆ ತಂತಿ ಎಳೆದು, ಕಾಫಿ ಕುಡಿದು ಹೊರಟರು. ಹೊರಡುವಾಗ ಪಟೇಲರಿಗೆ, "ಅರ್ತ್ ಒಂದು ಬಾಕಿ. ಅದನ್ನ ನಿಮ್ಮ ಮೇಷ್ಟ್ರಿಗೆ ಕಲಿಸಿದ್ದಾರೆ, ಅವರೇ ಕೊಟ್ಕೋತಾರೆ" ಅಂದರು. ಪಟೇಲರು ನನ್ನನ್ನು ನೋಡಿದರು. ನಾನು ತಲೆ ಆಡಿಸಿದೆ.

ಪೆಟ್ಟಿಗೆಯ ತಳದಲ್ಲಿ ಒಂದು ಸುರುಳಿ ಹಸಿರು ತಂತಿ, ಒಂದು ತಾಮ್ರದ ತಗಡು ಉಳಿದಿದ್ದವು. "ಇವ್ಯಾಕ್ರೀ?" ಅಂದಳು ಹೆಂಡತಿ.

"ಹೆಚ್ಚಿಗೆ ಕಳಿಸಿದ್ದಾರೆ. ಸರ್ಕಾರದವರು ಯಾವಾಗಲೂ ಒಂದಿಷ್ಟು ಹೆಚ್ಚಿಗೇ ಕಳಿಸೋದು."

ಅವಳು ತಂತಿಯನ್ನು ಹಿತ್ತಲಲ್ಲಿ ಬಟ್ಟೆ ಒಣಗಹಾಕಲು ಕಟ್ಟಿದಳು, ತಗಡನ್ನು ನೀರಿನ ಹರವಿಗೆ ಮುಚ್ಚಿದಳು. ಅಳತೆ ತೆಗೆದು ಮಾಡಿಸಿದ ಹಾಗೆ ಕೂತಿತು.

ಅಂದಿನಿಂದ ದಿನಾ ಸಂಜೆ ಜಗಲಿಯಲ್ಲಿ ಜನ ಸೇರುತ್ತಿದ್ದರು. ತಿರುಪು ತಿರುಗಿಸಿದರೆ ರೇಡಿಯೋ ಗೊರ್ ಅನ್ನುತ್ತಿತ್ತು. ನಡುವೆ ಎಲ್ಲೋ ಬಾವಿಯೊಳಗಿಂದ ಕೂಗಿದಂತೆ ಒಂದು ಮಾತು, ಮತ್ತೆ ಗೊರ್. ನಾನು ಗಾಬರಿಯಾಗಲಿಲ್ಲ. ಅರ್ಥ ಕೊಡದಿದ್ದರೆ ಗೊರಗೊರ ಅಂತ ಮೊದಲೇ ಹೇಳಿದ್ದರಲ್ಲ. ಮದ್ದೂರಿನಿಂದ ತಡವಾಗಿ ಬರುತ್ತಿದ್ದ ಪತ್ರಿಕೆಯನ್ನು ಮಧ್ಯಾಹ್ನ ಓದಿಕೊಂಡು, ಸಂಜೆ ಪೆಟ್ಟಿಗೆಯ ಪಕ್ಕದಲ್ಲಿ ನಿಂತು, ಯುದ್ಧ ಎಲ್ಲಿಗೆ ಬಂತು, ಬೆಲ್ಲ ಹೇಗೆ ಮಾರುತ್ತಿದೆ, ಎಲ್ಲ ಬಿಡಿಸಿ ಹೇಳುತ್ತಿದ್ದೆ.

"ಅಲ್ಲಾ ಮೇಷ್ಟ್ರೇ," ಅಂದರು ಪಟೇಲರು ಒಂದು ಸಂಜೆ, "ಅದು ಇಷ್ಟೇ ಇಷ್ಟು ಗೊರ್ ಅಂತು. ನೀವು ಅಷ್ಟುದ್ದ ಯೋಳ್ಬುಟ್ರಲ್ಲ?"

"ಅರ್ಥ ಯಾವಾಗಲೂ ಉದ್ದವೇ ಪಟೇಲ್ರೇ."

"ಊ, ಅದೂ ಸರಿಯೇ" ಅಂದರು. ಹಿಂದೆ ಯಾರೋ ಕಿಸಕ್ಕೆಂದರು. ಪಕ್ಕದವನು "ಸುಮ್ಕಿರ್ಲಾ, ಮೇಷ್ಟ್ರು ಅರ್ತ ಕೊಡ್ತಾವ್ರೆ" ಅಂತ ಗದರಿದ.

ಆದರೂ ಒಳಗೆ ಒಂದು ಅಳುಕು. ನಾನು ಎಷ್ಟು ಅರ್ಥ ಕೊಟ್ಟರೂ ಗೊರಗೊರ ಕಡಿಮೆಯಾಗಲಿಲ್ಲ. ಇನ್ನೂ ಚೆನ್ನಾಗಿ ಕೊಡಬೇಕೇನೋ ಅಂದುಕೊಂಡು ಗಂಟಲು ಏರಿಸಿದೆ. ಅದೂ ಏರಿಸಿತು.

ಹೀಗಿರುವಾಗ ಆ ಸಂಜೆ ಇನ್ಸ್‌ಪೆಕ್ಟರು ಸೈಕಲ್ಲಿನಲ್ಲಿ ಬಂದಿಳಿದರು. ನಮ್ಮ ಹರವಿಯ ನೀರೇ ಕುಡಿದರು. ಜಗಲಿಯ ತುಂಬ ಜನ. ಗುಂಡಿಯಿಲ್ಲದ ಕೈಯನ್ನು ಹಿಂದಿಟ್ಟುಕೊಂಡು ಇನ್ನೊಂದು ಕೈಯಿಂದ ತಿರುಪು ತಿರುಗಿಸಿದೆ. ಗೊರ್ರ್.

ಸಾಹೇಬರು ಕಿವಿ ಹತ್ತಿರ ತಂದರು. "ಅರ್ತ್ ಕೊಟ್ಟಿದ್ದೀರಾ ಮೇಷ್ಟ್ರೇ?"

"ಕೊಟ್ಟಿದ್ದೇನೆ ಸ್ವಾಮಿ. ದಿನಾ ಕೊಡ್ತೀನಿ."

"ದಿನಾನಾ?"

"ಒಂದು ದಿನವೂ ತಪ್ಪಿಸಿಲ್ಲ. ಬೇಕಾದರೆ ಪಟೇಲರನ್ನು ಕೇಳಿ."

"ಊ ಸ್ವಾಮಿ," ಅಂದರು ಪಟೇಲರು, "ಜ್ವರ ಬಂದಿದ್ದಾಗ್ಲೂ ಕಂಬ್ಳಿ ಒದ್ಕೊಂಡು ಬಂದು ಕೊಟ್ರು."

ಸಾಹೇಬರು ಹುಬ್ಬು ಗಂಟಿಕ್ಕಿದರು. "ಎಲ್ಲಿ ಕೊಟ್ಟಿದ್ದೀರಿ?"

"ಇಲ್ಲೇ ಸ್ವಾಮಿ, ಈ ಜಗಲಿ ಮೇಲೆ."

"ಜಗಲಿ ಮೇಲಾ! ಎಷ್ಟು ಆಳಕ್ಕೆ ಕೊಟ್ಟಿದ್ದೀರಿ?"

"ಜನಕ್ಕೆ ತಿಳಿಯುವಷ್ಟು. ತೀರಾ ಆಳಕ್ಕೆ ಇಳಿದರೆ ಇವರಿಗೆ ಹತ್ತೋದಿಲ್ಲ ಸ್ವಾಮಿ."

"ನೀರು ಹಾಕ್ತೀರಾ?"

ಇದೊಂದು ಪ್ರಶ್ನೆ ನನಗೆ ಸ್ವಲ್ಪ ವಿಚಿತ್ರವಾಗಿ ಕಂಡಿತು. ಆದರೂ ಕೇಳಿದವರು ಇನ್ಸ್‌ಪೆಕ್ಟರು. "ಗಂಟಲು ಒಣಗಿದಾಗ ಒಂದು ಚೊಂಬು ಕುಡೀತೀನಿ" ಅಂದೆ.

ಸಾಹೇಬರು ನನ್ನನ್ನು ನೋಡಿದರು, ಪೆಟ್ಟಿಗೆಯನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. ಆಮೇಲೆ ಬಗ್ಗಿ ಪೆಟ್ಟಿಗೆಯ ಹಿಂಭಾಗ ನೋಡಿ, ಅಲ್ಲಿದ್ದ ಖಾಲಿ ತಿರುಪನ್ನು ಬೆರಳಲ್ಲಿ ಮುಟ್ಟಿ, ಮೆಲ್ಲಗೆ ಹೇಳಿದರು. "ಮೇಷ್ಟ್ರೇ, ಅರ್ತ್ ಅಂದರೆ ಇಂಗ್ಲಿಷಿನಲ್ಲಿ ಭೂಮಿ. ಇಲ್ಲಿಂದ ಒಂದು ತಂತಿ ಎಳೆದು, ಅದರ ತುದಿಗೆ ತಾಮ್ರದ ತಗಡು ಕಟ್ಟಿ, ಹಸಿ ನೆಲದಲ್ಲಿ ಹೂಳಬೇಕು. ನೀವು ಕೊಟ್ಟದ್ದು ಅರ್ಥ."

ಮೊದಲು ನಕ್ಕದ್ದು ಗೋಡೆಯ ಆಚೆ ನಿಂತಿದ್ದ ನನ್ನ ಹೆಂಡತಿ. ಆಮೇಲೆ ಊರೇ ನಕ್ಕಿತು. ನಾನು ಎರಡು ಕೈಯನ್ನೂ ಮುಂದಕ್ಕೆ ತಂದು ಮುಖ ಒರೆಸಿಕೊಂಡೆ.

"ತಂತಿ, ತಗಡು ಕಳಿಸಿದ್ದೆವಲ್ಲ, ಎಲ್ಲಿ?" ಅಂದರು ಸಾಹೇಬರು.

ಹೆಂಡತಿ ಒದ್ದೆ ಸೀರೆಯನ್ನು ಹೆಗಲಿಗೆ ಹಾಕಿಕೊಂಡು ತಂತಿ ಬಿಚ್ಚಿ ತಂದಳು. ತಗಡನ್ನು ಕೊಡುವಾಗ, "ಇದೇ ಹರವಿ ನೀರ ಕುಡುದ್ರಿ ಸ್ವಾಮಿ, ಏನೂ ಆಗಾಕಿಲ್ಲ" ಅಂತ ಸಮಾಧಾನ ಬೇರೆ ಹೇಳಿದಳು. ಬಚ್ಚಲ ನೀರು ಹರಿದು ಹೋಗುವ ಬಾಳೆಯ ಬುಡದಲ್ಲಿ ನಾನೇ ಗುದ್ದಲಿ ಹಿಡಿದು ಅಗೆದೆ. ಬೇರೆಯವರ ಕೈಗೆ ಕೊಡಲು ಮನಸ್ಸಾಗಲಿಲ್ಲ. ಅಗೆಯುತ್ತಾ ಮಂಡ್ಯದ ಹೋಳಿಗೆಯನ್ನೂ ಕಂಬವನ್ನೂ ಸಾಹೇಬರೆದುರು ಒಪ್ಪಿಕೊಂಡೆ. ತಂತಿಗೆ ಕಟ್ಟಿದ ತಗಡು ಹೂತು, ಮಣ್ಣು ಮುಚ್ಚಿ, ತಂತಿಯ ಇನ್ನೊಂದು ತುದಿಯನ್ನು ಪೆಟ್ಟಿಗೆಯ ಹಿಂದೆ ಬಿಗಿದು, ತಿರುಪು ತಿರುಗಿಸಿದೆ.

ಪೆಟ್ಟಿಗೆಯಿಂದ ಒಬ್ಬರು ನಮ್ಮ ಪಕ್ಕದಲ್ಲೇ ಕೂತವರಂತೆ ಮಾತಾಡಿದರು. ನನ್ನ ಕಣ್ಣಲ್ಲಿ ನೀರು ಬಂತು, ಬೆವರೆಂದು ಒರೆಸಿಕೊಂಡೆ. ವ್ಯವಸಾಯದ ಭಾಷಣ. ಸಸ್ಯಗಳ ಪೋಷಣೆಗೆ ಅತ್ಯಾವಶ್ಯಕವಾದ ದ್ರವ್ಯಗಳು, ಮೃತ್ತಿಕೆಯಲ್ಲಿ ಅವುಗಳ ಪ್ರಮಾಣ, ಹೀಗೆ ಸಾಗಿತು. ಎಲ್ಲರೂ ಕಣ್ಣರಳಿಸಿ ಕೇಳಿದರು. ಸ್ವಲ್ಪ ಹೊತ್ತಿಗೆ ಪಟೇಲರು ನನ್ನ ಕಡೆ ಬಾಗಿದರು.

"ಮೇಷ್ಟ್ರೇ, ಏನಂತೆ?"

"ಗೊಬ್ಬರದ ವಿಷಯ ಪಟೇಲ್ರೇ. ಮಣ್ಣು ನೋಡಿ ಗೊಬ್ಬರ ಹಾಕಿ ಅಂತಿದ್ದಾರೆ."

"ಗೊಬ್ರ ಅನ್ನಕ್ಕೆ ಇಷ್ಟು ಮಾತಾ!" ಪಟೇಲರು ಸಾಹೇಬರ ಕಡೆ ತಿರುಗಿದರು. "ಸ್ವಾಮಿ, ಪೆಟ್ಗೆಯ ತಗೊಂಡೋಗ್ಬ್ಯಾಡಿ. ಮೇಷ್ಟ್ರನ್ನೂ ಬುಡಬ್ಯಾಡಿ. ಇವರಿಲ್ದಿದ್ರೆ ಅದು ಚೆನ್ನಾಗಿ ಮಾತಾಡಿಯೂ ನಮಗೆ ಗೊರ್ ಅಂದಂಗೇಯ."

ಸಾಹೇಬರು ಟೋಪಿ ಹಾಕಿಕೊಂಡರು. "ಸೆಟ್ಟು ಇಲ್ಲೇ ಇರಲಿ. ಆದರೆ ಮೇಷ್ಟ್ರೇ, ಮುಂದಿನ ತರಬೇತಿಗೆ ನೀವು ಮತ್ತೆ ಬರಬೇಕು. ಈ ಸಲ ಹೇಳಿಕೊಡುವವರು ಕಿರುಗಾವಲಿನ ಮೇಷ್ಟ್ರು. ಮುಖ್ಯವಾದದ್ದನ್ನೆಲ್ಲ ಊಟಕ್ಕೆ ಮೊದಲೇ ಹೇಳಿಬಿಡಿ ಅಂತ ಅವರಿಗೆ ತಿಳಿಸ್ತೀನಿ."

"ಆಗಲಿ ಸ್ವಾಮಿ" ಅಂದೆ. ಬೇರೆ ಏನು ಅನ್ನಲಿ? ಹಳೇ ಮೇಷ್ಟ್ರಿಗೆ ಹೊಸದು ಹತ್ತುತ್ತದೆ, ಸುತ್ತಿಕೊಂಡು ಬಂದು ಹತ್ತುತ್ತದೆ ಅಂತ ಹೇಳಬೇಕೆನಿಸಿತು. ಅಷ್ಟರಲ್ಲಿ ಅವರ ಸೈಕಲ್ಲು ತಿರುವು ದಾಟಿತ್ತು.

ರಾತ್ರಿ ಮುದ್ದೆ, ಅವರೆಕಾಳಿನ ಉಪ್ಸಾರು. ಸಾಹೇಬರು ಊಟಕ್ಕೆ ನಿಲ್ಲದ ಕಾರಣ ಅವರಿಗೆಂದು ಕರಿದಿದ್ದ ಹಪ್ಪಳವನ್ನೂ ನಾವಿಬ್ಬರೇ ತಿಂದೆವು. ಚಾಪೆ ಹಾಸುತ್ತಾ ಹೆಂಡತಿ, "ಆ ಹುಡುಗ್ ಮೇಷ್ಟ್ರ ಮುಂದೆ ಕುಂತ್ಕೊಂಡು ಕಲೀತೀರಾ?" ಅಂದಳು.

"ಕಲೀತೀನಿ. ಮುಂದಿನ ಸಾಲಲ್ಲೇ ಕೂತ್ಕೋತೀನಿ."

"ಕುಂತ್ಕಳಿ. ಕಂಬ ಇಲ್ಲದ ಕಡೆ ಕುಂತ್ಕಳಿ" ಅಂದು ಮಗ್ಗುಲಾದಳು. ನಾನು ದೀಪವನ್ನು ಹತ್ತಿರಕ್ಕೆ ಎಳೆದುಕೊಂಡು, ಕೋಟಿನ ಇನ್ನೊಂದು ತೋಳಿಗೆ ಗುಂಡಿ ಹುಡುಕತೊಡಗಿದೆ.