ಎರಡು ಪಾಲಾದ ಸೊಳ್ಳೆಪರದೆ

೧೯೫೪ರಲ್ಲಿ ನಾನು ಕೊಳ್ಳೇಗಾಲದಲ್ಲಿ ಮಲೇರಿಯಾ ಇನ್ಸ್‌ಪೆಕ್ಟರ್ ಆಗಿದ್ದೆ. ತಾಲ್ಲೂಕು ಆಗ ಮದರಾಸು ರಾಜ್ಯಕ್ಕೆ ಸೇರಿತ್ತು; ಪಕ್ಕದ ಯಳಂದೂರಿಗೆ ಹೋದರೆ ಮೈಸೂರು ರಾಜ್ಯ. ಸೊಳ್ಳೆಗಳಿಗೆ ಮಾತ್ರ ಈ ಗಡಿ ಗೊತ್ತಿರಲಿಲ್ಲ. ಯುದ್ಧದಲ್ಲಿ ಬರ್ಮಾ ಕಾಡಿನಲ್ಲಿ ಹವಾಲ್ದಾರನಾಗಿದ್ದಾಗ ನನ್ನ ಜತೆಯವರನ್ನು ಚಳಿಜ್ವರ ಮಲಗಿಸಿದ್ದನ್ನು ಕಂಡವನು ನಾನು. ಈ ನೌಕರಿ ಸಿಕ್ಕಾಗ ಹಳೆಯ ಶತ್ರು ಮತ್ತೆ ಕೈಗೆ ಸಿಕ್ಕಷ್ಟು ಖುಷಿಪಟ್ಟೆ.

ಮನೆಮನೆಯ ಗೋಡೆಗೆ ಆಳುಗಳ ಕೈಯಲ್ಲಿ ಪಂಪಿನಿಂದ ಡಿ.ಡಿ.ಟಿ. ಹೊಡೆಸುವುದು ನನ್ನ ಕೆಲಸ. ಆ ಗೋಡೆಯ ಮೇಲೆ ಕೂತ ಸೊಳ್ಳೆ ಸಾಯುತ್ತದೆ. ಒಂದು ಮನೆಯನ್ನೂ ಬಿಡಬಾರದೆಂದು ಮೇಲಿನವರ ಆದೇಶ. ಆದೇಶವೆಂದರೆ ಸೆಲ್ಯೂಟಿಗೆ ನಿಂತಂತೆ ನನ್ನ ಹಿಮ್ಮಡಿ ಇನ್ನೂ ತಾನಾಗಿ ಕೂಡುತ್ತಿದ್ದ ಕಾಲ. ಮುಳ್ಳೂರಿನಲ್ಲಿ ಅರ್ಧ ಊರು ಮುಗಿಸಿ ಮಾದಮ್ಮನೆಂಬ ವಿಧವೆಯ ಮನೆಗೆ ಬಂದೆವು. ಆಕೆ ಬಾಗಿಲಿಗೆ ಅಡ್ಡ ನಿಂತಳು.

"ಒಳಿಕ್ ಬರ್ಬ್ಯಾಡಿ ಸಾ, ಹುಳ ಅವೆ."

ಒಳಗೆ ಬಿದಿರಿನ ತಟ್ಟೆಗಳಲ್ಲಿ ರೇಷ್ಮೆಹುಳುಗಳು ಹಿಪ್ಪುನೇರಳೆ ಸೊಪ್ಪು ಮೇಯುತ್ತಿದ್ದವು. ಇನ್ನು ನಾಲ್ಕೈದು ದಿನಕ್ಕೆ ಗೂಡು ಕಟ್ಟಬೇಕು. ಸೊಳ್ಳೆ ಕೊಲ್ಲುವ ಮದ್ದು ರೇಷ್ಮೆಹುಳುವನ್ನೂ ಬಿಡದು. ಆ ಬೆಳೆಯೇ ಮನೆಯ ಅನ್ನ. ತಟ್ಟೆಗಳ ಪಕ್ಕದಲ್ಲೇ ಚಳಿಜ್ವರದಿಂದ ಆಗತಾನೇ ಚೇತರಿಸಿಕೊಂಡ ಮಗಳು ಕೆಂಪಿ ಚಾಪೆಯ ಮೇಲೆ ಮುದುಡಿ ಕೂತಿದ್ದಳು. ಮತ್ತೆ ಸೊಳ್ಳೆ ಕಚ್ಚಿ ಜ್ವರ ಮರುಕಳಿಸಿದರೆ ಆ ಕಡ್ಡಿಯಂಥ ಮೈ ತಡೆಯುತ್ತಿರಲಿಲ್ಲ.

ಮಗುವನ್ನು ಪಕ್ಕದ ಮನೆಯಲ್ಲಿ ಮಲಗಿಸು ಎಂದೆ. ಅವಳು ನನ್ನ ಬಿಟ್ಟು ಮಲಗುವುದಿಲ್ಲ ಎಂದಳು ಮಾದಮ್ಮ. ಹುಳಕ್ಕೆ ರಾತ್ರಿಯೂ ಸೊಪ್ಪು ಹಾಕಬೇಕಾದ್ದರಿಂದ ಆಕೆಯೂ ಹೋಗುವಂತಿರಲಿಲ್ಲ. ನನಗೆ ರೇಗಿತು.

"ಏನಮ್ಮಾ, ನಿನಗೆ ಮಗಳು ಮುಖ್ಯವೋ, ಹುಳ ಮುಖ್ಯವೋ?"

"ಎರಡ್ನೂ ನಾನೇ ಸಾಕ್ತಿರದು ಸಾ. ಒಂದ ತಕ್ಕಂಡು ಒಂದ ಬುಡು ಅಂದ್ರೆ ಎಂಗೆ?"

ಆ ಮನೆಯ ಮಟ್ಟಿಗೆ ಆದೇಶವನ್ನು ಪಕ್ಕಕ್ಕಿಟ್ಟೆ. ಗೂಡಾದ ಮೇಲೆ ಬರೋಣವೆಂದು ಪಂಪು ಹೊರಿಸಿಕೊಂಡು ಹೊರಟೆ. ಸಂಜೆ ನನ್ನ ಸೊಳ್ಳೆಪರದೆ ತಂದು ಕೆಂಪಿಯ ಚಾಪೆಗೆ ನಾನೇ ಕಟ್ಟಿದೆ. ಬರ್ಮಾದಿಂದ ಜೋಪಾನವಾಗಿ ತಂದ ಆ ಪರದೆಯನ್ನು ಮನೆಯಲ್ಲಿ ಹೆಂಡತಿಗೂ ಮುಟ್ಟಲು ಬಿಟ್ಟವನಲ್ಲ.

ಬೆಳಿಗ್ಗೆ ಹೋಗಿ ನೋಡಿದರೆ ಪರದೆ ಹುಳದ ತಟ್ಟೆಗಳ ಮೇಲಿದೆ! ಕೆಂಪಿ ಪರದೆಯ ಹೊರಗೆ ಮೊಣಕೈ ಕೆರೆದುಕೊಳ್ಳುತ್ತಿದ್ದಾಳೆ.

"ಹಲ್ಲಿ ಹುಳ ತಿಂತಿತ್ತು ಸಾ," ಎಂದಳು ಮಾದಮ್ಮ, ತಲೆ ಬಗ್ಗಿಸಿ.

ಸಿಟ್ಟು ನೆತ್ತಿಗೇರಿತು. ಮೇಲೆ ನೋಡಿದೆ. ಜಂತಿಯಲ್ಲಿ ಎರಡು ಹಲ್ಲಿಗಳು ಕಾದು ಕೂತಿದ್ದವು. ಬೈಯುವುದು ಬಿಟ್ಟು ಕುಡುಗೋಲು ಕೇಳಿದೆ.

"ಅಯ್ಯೋ, ಕುಯ್ಬ್ಯಾಡಿ ಸಾ! ಒಳ್ಳೆ ಪರದೆ!"

ನಡುವೆ ಸೀಳಿದೆ. ಒಂದು ಪಾಲು ಹುಳಕ್ಕೆ, ಒಂದು ಪಾಲು ಕೆಂಪಿಗೆ.

ಗೂಡು ಚೆನ್ನಾಗಿ ಬಂತು. ಅದನ್ನು ಯಳಂದೂರು ಕಡೆಯ ನೂಲು ತೆಗೆಯುವವರಿಗೆ ಮಾರಿ, ಮುಂದಿನ ಬೆಳೆಗೆಂದು ಮಾದಮ್ಮ ಹಿತ್ತಲಲ್ಲಿ ಬೇರೆ ಗುಡಿಸಲು ಹಾಕಿಸಿದಳು. ಆಮೇಲೆ ತಾನೇ ನಮ್ಮನ್ನು ಕರೆಸಿ, "ಅಟ್ಟದ್ ಹಿಂದ್ಕೂ ಹೊಡೀರ್ಲಾ," ಎಂದು ನನ್ನ ಆಳುಗಳನ್ನೇ ಗದರಿ ಮದ್ದು ಹೊಡೆಸಿದಳು. ಹೊರಡುವಾಗ ಕೆಂಪಿ ಪರದೆಯನ್ನು ತಲೆಯ ಮೇಲೆ ಹೊತ್ತು ಓಡಿಬಂದಳು. ಕೆನ್ನೆ ತುಂಬಿಕೊಂಡಿತ್ತು. ನೋಡಿ ನನ್ನ ಕಣ್ಣೂ ತುಂಬಿತು.

"ಎರಡೂ ಕೂಡ್ಸಿವ್ನಿ ಸಾ," ಎಂದಳು ತಾಯಿ. "ನೂಲ್ ತೆಗ್ಯೋರ್ತವ ಇಸ್ಕಂಡೆ, ನಮ್ ಗೂಡಿನ್ ನೂಲೇಯ."

ಸೈನ್ಯದಲ್ಲಿ ಏನನ್ನು ಕಾಯಬೇಕೆಂದು ಮೇಲಿನವರು ಹೇಳುತ್ತಿದ್ದರು. ಜನರ ಕೆಲಸದಲ್ಲಿ ಅದನ್ನು ಬಾಗಿಲಿಗೆ ಅಡ್ಡ ನಿಂತವರನ್ನೇ ಕೇಳಬೇಕೆಂದು ಮುಳ್ಳೂರಿನಲ್ಲಿ ಕಲಿತೆ. ಪರದೆ ಇನ್ನೂ ನನ್ನ ಬಳಿ ಇದೆ. ಬಟ್ಟೆ ಅಲ್ಲಲ್ಲಿ ಹರಿದಿದೆ. ನಡುವಿನ ಹೊಲಿಗೆ ಬಿಟ್ಟಿಲ್ಲ.