ಮೈಲಿಗೆ ಫ್ಲಾಪಿ

ನಮ್ಮ ಮನೆಯ ಕಂಪ್ಯೂಟರು ಸೊಲ್ಲಾಪುರದ ನೂಲಿನ ವ್ಯಾಪಾರಿಯೊಬ್ಬರು ಹೊಸದು ಕೊಂಡಾಗ ಹೊರಗೆ ಹಾಕಿದ್ದು. ಸ್ವಿಚ್ಚು ಒತ್ತಿ ಒಳಗೆ ಹೋಗಿ ಚಹಾ ಕುಡಿದು ಬಂದರೂ ಅದಿನ್ನೂ ಕಣ್ಣುಜ್ಜಿಕೊಳ್ಳುತ್ತಿತ್ತು. ಆದರೆ ಮರಾಠಿಯ ಜೊತೆಗೆ ಕನ್ನಡ ಅಕ್ಷರವನ್ನೂ ಮೂಡಿಸುತ್ತಿತ್ತು. ಲಗ್ನಪತ್ರಿಕೆ ಎರಡೂ ಭಾಷೆಯಲ್ಲಿ ಬೇಕೆನ್ನುವ ಮನೆಗಳು ನಮ್ಮಲ್ಲಿ ಬೇಕಾದಷ್ಟು. ಬ್ಯಾಂಕಿನ ಕೆಲಸ ಮುಗಿಸಿ ಬಂದು ಮುಂದಿನ ಕೋಣೆಯಲ್ಲಿ ನಾನು ಅದನ್ನೇ ಟೈಪು ಮಾಡುತ್ತಿದ್ದೆ.

ಒಮ್ಮೆ ಯಾರದೋ ಫ್ಲಾಪಿಯಿಂದ ವೈರಸ್ ಬಂದು, ಮಾಡಿಟ್ಟಿದ್ದೆಲ್ಲ ಹಾಳಾಯಿತು. ಆಗ ಶುರುವಾಯಿತು ವೈರಸ್ ತಡೆಯುವ ಸಾಫ್ಟ್‌ವೇರಿನ ಹುಡುಕಾಟ. ಮೊದಲು ಹಾಕಿದ್ದು ಸದಾ ಮೆಮರಿಯಲ್ಲೇ ಕೂತು ಕಾವಲು ಕಾಯುವಂಥದ್ದು. ಅದು ಕೂತ ಮೇಲೆ ಕನ್ನಡಕ್ಕೆ ಕೂರಲು ಜಾಗವೇ ಉಳಿಯಲಿಲ್ಲ, ನಮ್ಮ ಬಡಪಾಯಿ ಮಶೀನಿನ ಮೆಮರಿ ಅಷ್ಟೇ. ಎರಡನೆಯದು ಹಗುರ. ಕರೆದಾಗ ಬಂದು, ಹೊರಗಿನ ಫ್ಲಾಪಿಯನ್ನು ತಡಕಿ ನೋಡಿ, ಹೊರಟುಹೋಗುತ್ತಿತ್ತು. ಅದನ್ನೇ ಆರಿಸಿದೆ. ಆದರೆ ಅದು ತಾನಾಗಿ ಯಾವುದನ್ನೂ ತಡೆಯುತ್ತಿರಲಿಲ್ಲ. ತಡೆಯುವ ಕೆಲಸ ಮನೆಯವರ ಮೇಲೆ ಬಿತ್ತು.

ಮನೆಯವರೆಂದರೆ ನನ್ನ ಕಾಕು, ಚಿಕ್ಕಪ್ಪನ ಹೆಂಡತಿ. ನಾನಿಲ್ಲದಾಗ ಗಿರಾಕಿಗಳ ಫ್ಲಾಪಿ ತೆಗೆದಿಡುವವಳು ಅವಳೇ. ಪರೀಕ್ಷೆಯಾಗದ ಫ್ಲಾಪಿ ಮಶೀನಿಗೆ ತಗಲಬಾರದು, ತಗಲಿದರೆ ಎಲ್ಲಕ್ಕೂ ಹತ್ತುತ್ತದೆ ಎಂದು ನಾನು ವಿವರಿಸಿದ್ದೇ ತಡ, "ಅಂದ್ರ ಮಡಿ ಅನ್ನು. ಇಷ್ಟು ಹೇಳ್ಲಿಕ್ಕೆ ಅಷ್ಟುದ್ದ ಇಂಗ್ಲಿಷ್ ಯಾಕ ಬೇಕಿತ್ತೋ?" ಎಂದಳು. ಅಂದಿನಿಂದ ನಮ್ಮವು ಮಡಿ ಫ್ಲಾಪಿ, ಹೊರಗಿನವು ಮೈಲಿಗೆ ಫ್ಲಾಪಿ. ಮನೆಮಂದಿಯೆಲ್ಲ ಬಿದ್ದು ಬಿದ್ದು ನಕ್ಕೆವು. ಬ್ಯಾಂಕಿನಲ್ಲೂ ಹೇಳಿ ನಗಿಸಿದೆ ನಾನು, ದೊಡ್ಡ ಜಾಣನ ಹಾಗೆ.

ನನ್ನ ಕಾಲೇಜಿನ ಗೆಳೆಯನೊಬ್ಬ ಅಕ್ಕಲಕೋಟೆಯಲ್ಲಿ ಮಾಸ್ತರನಾಗಿದ್ದ. ಊರು ಹನ್ನೂರ. ಅವನ ಅಜ್ಜನ ಕಾಲದಲ್ಲಿ ಅವರ ಮಂದಿಯನ್ನು ನಮ್ಮಂಥವರ ಅಂಗಳಕ್ಕೂ ಬಿಟ್ಟುಕೊಳ್ಳುತ್ತಿರಲಿಲ್ಲ. ಅವನು ಅದನ್ನೆಂದೂ ಎತ್ತಿ ಆಡಿದವನಲ್ಲ. ಆದರೆ ಎಷ್ಟು ಕರೆದರೂ "ಎಸ್ಟಿ ಬಸ್ಸು ತಪ್ಪತೈತಿ" ಎಂದು ಬಾಗಿಲಲ್ಲೇ ಮಾತಾಡಿ ಹೊರಟುಬಿಡುತ್ತಿದ್ದ. ಅವನು ಒಮ್ಮೆ ಒಳಗೆ ಬಂದು ಕೂರಬೇಕೆಂಬುದು ನನ್ನ ಹಟವಾಗಿತ್ತು. ಕೊನೆಗೆ ತಂಗಿಯ ಲಗ್ನಪತ್ರಿಕೆಗಾಗಿ ಬಂದ. ಮರಾಠಿ ಭಾಗವನ್ನು ಬೇರೆಲ್ಲೋ ಟೈಪು ಮಾಡಿ ಫ್ಲಾಪಿಯಲ್ಲಿ ತಂದಿದ್ದ. "ಕನ್ನಡದ್ದು ನಾನ ಬಡೀತೀನಿ, ನೀ ಅತ್ತ ಸರಿ" ಎಂದ. ನನಗೆ ಹಿಗ್ಗೋ ಹಿಗ್ಗು. ನನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟೆ.

ಅವನು ಕೂತು, ಕಿಸೆಯಿಂದ ಫ್ಲಾಪಿ ತೆಗೆದು, ಮಶೀನಿನತ್ತ ಕೈ ಚಾಚಿದ. ಅದೇ ಹೊತ್ತಿಗೆ ಕಾಕು ಚಹಾದ ತಟ್ಟೆ ಹಿಡಿದು ಬಂದಳು.

"ಏ, ಹಂಗ ಮುಟ್ಟಗೊಡಬ್ಯಾಡೋ. ಮೈಲಿಗಿ ಅದ."

ಅವಳ ಕಣ್ಣು ಫ್ಲಾಪಿಯ ಮೇಲಿತ್ತು, ಆಣೆ ಮಾಡಿ ಹೇಳುತ್ತೇನೆ. ಆದರೆ ಅವನ ಬೆನ್ನು ಅವಳ ಕಡೆಗಿತ್ತು, ಅವನಿಗೆ ಕೇಳಿಸಿದ್ದು ಮಾತು ಮಾತ್ರ. ಚಾಚಿದ ಕೈ ಅಲ್ಲೇ ನಿಂತಿತು. ಫ್ಲಾಪಿಯನ್ನು ಮೇಜಿನ ಮೇಲಿಟ್ಟು ಕುರ್ಚಿಯಿಂದ ಎದ್ದ.

ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು. "ಫ್ಲಾಪಿಗೆ ಅಂದದ್ದೋ ಅದು, ಖರೇನ ಫ್ಲಾಪಿಗೆ" ಎಂದು ಶುರುಮಾಡಿ ವೈರಸ್ಸು, ಮೆಮರಿ, ಹಗುರ ಸಾಫ್ಟ್‌ವೇರು ಎಂದು ಬಡಬಡಿಸಿದೆ. ಹೇಳಿದಷ್ಟೂ ಅದು ಸುಳ್ಳಿನ ಹಾಗೆಯೇ ಕೇಳುತ್ತಿತ್ತು. ಕಾಕುವಿಗೂ ಆಗ ಹೊಳೆದಿರಬೇಕು. ತಟ್ಟೆ ಕೆಳಗಿಡುವುದನ್ನೂ ಮರೆತು ನಿಂತುಬಿಟ್ಟಳು.

ಅವನು ಪೂರ್ತಿ ಕೇಳಿಸಿಕೊಂಡ. "ಗೊತ್ತಾತು ಬಿಡು. ಫ್ಲಾಪಿಗೇ ಅಂದಾರ" ಎಂದ. "ಆದ್ರ ನಿಮ್ಮ ಮನ್ಯಾಗ ಬ್ಯಾರೆ ಶಬ್ದ ಸಿಗಲಿಲ್ಲೇನು?" ಎಂದು ಕೇಳಿದ.

ಅವನ ಫ್ಲಾಪಿಯನ್ನು ನಾನೇ ಹಾಕಿ ಪರೀಕ್ಷೆಗೆ ಬಿಟ್ಟೆ. ಮಶೀನು ಕರಕರ ಅನ್ನುತ್ತಾ ಅದರೊಳಗಿನ ಫೈಲುಗಳನ್ನು ಒಂದೊಂದಾಗಿ ತಡಕಿ ನೋಡುವಾಗ ಅವನ ಮೈಯನ್ನೇ ತಡಕುತ್ತಿರುವಂತೆ ಅನಿಸಿ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ನಿಲ್ಲಿಸಿಬಿಡಲೂ ಧೈರ್ಯವಾಗಲಿಲ್ಲ. ಏನೂ ಸಿಗಲಿಲ್ಲ ಎಂದು ಪರದೆಯ ಮೇಲೆ ಬಂತು.

"ಏನೂ ಇಲ್ಲೋ. ಬಾ, ಕೂಡು" ಎಂದು ಕುರ್ಚಿ ಸರಿಸಿದೆ.

ಅವನು ಕೂರಲಿಲ್ಲ. ಕೈ ಹಿಂದೆ ಕಟ್ಟಿಕೊಂಡು, ಮೆಲ್ಲಗೆ ಕೇಳಿದ.

"ಈಗ ಮುಟ್ಟಬಹುದೇನ್ರಿ?"

ಅಷ್ಟು ವರ್ಷಗಳಲ್ಲಿ ಅವನು ನನಗೆ 'ರೀ' ಹಚ್ಚಿ ಮಾತಾಡಿದ್ದು ಅದೇ ಮೊದಲು.