ಇಮಾಮಸಾಬರು ಮತ್ತು ಕೊಡ್ಲಿಯ ನಾಣ್ಯಗಳು

ಇಮಾಮಸಾಬರು ಹಳೆಯ ತಾಮ್ರದ ನಾಣ್ಯವನ್ನು ಮೊದಲು ಕಣ್ಣಿನಿಂದ ನೋಡುತ್ತಿರಲಿಲ್ಲ. ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಮೂಸುತ್ತಿದ್ದರು. ಆಮೇಲೆ "ಇದು ಕರಿ ಮಣ್ಣಾಗ ಇದ್ದದ್ದು" ಎಂದೋ, "ಯಾರೋ ಬೆವತ ಕೈಲೆ ಮುಟ್ಟ್ಯಾರ" ಎಂದೋ ತೀರ್ಪು ಕೊಡುತ್ತಿದ್ದರು. ಅದರಲ್ಲಿ ನಿಜವೆಷ್ಟು, ಗತ್ತೆಷ್ಟು ಎಂಬುದು ನನಗೆ ಕೊನೆಯವರೆಗೂ ತಿಳಿಯಲಿಲ್ಲ.

ಚಿತ್ತಾಪುರದ ಬಜಾರಿನಲ್ಲಿ ಅವರದು ಗಡಿಯಾರ ರಿಪೇರಿ ಅಂಗಡಿ. ಕೂರಲು ಶಹಾಬಾದಿ ಕಲ್ಲಿನ ಕಟ್ಟೆ, ಮುಂದೊಂದು ಗಾಜಿನ ಪೆಟ್ಟಿಗೆ, ಬಲಗಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ. ಪೊಲೀಸ್ ಆ್ಯಕ್ಷನ್ ಆಗಿ, ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿ ಎರಡು ವರ್ಷ ಕಳೆದಿತ್ತು. ನಾನು ಅಲ್ಲಿಯ ಶಾಲೆಗೆ ಹೊಸ ಮಾಸ್ತರ. ಉರ್ದುವಿನಲ್ಲಿ ಓದಿ ಬಂದು ಕನ್ನಡದಲ್ಲಿ ಲೆಕ್ಕ ಹೇಳಿಕೊಡಲು ತಡವರಿಸುತ್ತಿದ್ದವನು.

ಆ ಚಳಿಗಾಲದಲ್ಲಿ ನಮ್ಮೂರು ಕೊಡ್ಲಿಯ ಹೊಲದಲ್ಲಿ ಬಾವಿ ತೋಡುವಾಗ ಒಂದು ಗಡಿಗೆ ಸಿಕ್ಕಿತು. ಒಳಗಿದ್ದದ್ದು ಹಸಿರು ಕಿಲುಬು ಹಿಡಿದು ಒಂದಕ್ಕೊಂದು ಅಂಟಿಕೊಂಡ ತಾಮ್ರದ ನಾಣ್ಯಗಳ ಗಟ್ಟಿ. ಕರಗಿಸಿ ಒಂದು ಹಂಡೆ ಮಾಡಿಸೋಣ ಎಂದರು ಮನೆಯವರು. ನಾನು ಒಪ್ಪದೆ, ಚೀಲದಲ್ಲಿ ಕಟ್ಟಿ ತಂದು ಇಮಾಮಸಾಬರ ಮುಂದಿಟ್ಟೆ.

"ಎಷ್ಟು ದಿನಾ ಹಿಡಿತದ್ರಿ?" ಎಂದು ಕೇಳಿದೆ.

"ಅವಸರ ಇದ್ರ ಹೇಳ್ರಿ ಮಾಸ್ತರ, ನಿಮ್ಮ ಗಡಿಯಾರದ ಮುಳ್ಳು ಮುಂದ ಮಾಡಿಕೊಡ್ತೀನಿ. ಇವಕ್ಕ ಮಾತ್ರ ದಿನಾ ಕೇಳಬ್ಯಾಡ್ರಿ."

ಹಿಡಿದು ಇಟ್ಟಿದ್ದ ಮಳೆನೀರಿನಲ್ಲಿ ಗಟ್ಟಿಯನ್ನು ನೆನೆ ಹಾಕಿದರು. ದಿನವೂ ನೀರು ಬದಲಿಸುತ್ತಿದ್ದರು. ವಾರಗಳ ಮೇಲೆ ನಾಣ್ಯಗಳು ಒಂದೊಂದಾಗಿ ಬಿಟ್ಟುಕೊಂಡವು. ಆಮೇಲೆ ಅವನ್ನು ಶೇಂಗಾ ಎಣ್ಣೆಯಲ್ಲಿಟ್ಟು, ಜಾಲಿ ಮುಳ್ಳಿನಿಂದ ಅಕ್ಷರಗಳ ಸಂದಿಯ ಮಣ್ಣನ್ನು ಬಿಡಿಸತೊಡಗಿದರು. ಶಾಲೆ ಬಿಟ್ಟ ಮೇಲೆ ನಾನೂ ಅವರ ಎದುರು ಮುಳ್ಳು ಹಿಡಿದು ಕೂರುತ್ತಿದ್ದೆ. ಪುಡಿಪುಡಿಯಾದ ತಿಳಿಹಸಿರು ಕಂಡರೆ ಅವರ ಮುಖ ಗಂಟಾಗುತ್ತಿತ್ತು. "ಇದು ರೋಗ. ಬಾಜೂದಕ್ಕೂ ಹತ್ತತದ," ಎಂದು ಅಂಥ ನಾಣ್ಯವನ್ನು ಬೇರೆ ಇಡುತ್ತಿದ್ದರು. ಗಟ್ಟಿಯಾದ ಕಡುಹಸಿರನ್ನು ಮಾತ್ರ ಮುಟ್ಟಲು ಬಿಡುತ್ತಿರಲಿಲ್ಲ. "ಅದು ಅದರ ಚರ್ಮಾ ರೀ. ಇರಲಿ ಬಿಡ್ರಿ." ಕೊನೆಗೆ ಬಿಸಿಲಲ್ಲಿ ಒಣಗಿಸಿ, ಜೇನುಮೇಣ ಕಾಯಿಸಿ ತೆಳ್ಳಗೆ ಸವರುತ್ತಿದ್ದರು.

ಒಮ್ಮೆ ನನಗೆ ತಾಳ್ಮೆ ತಪ್ಪಿತು. ಒಂದು ನಾಣ್ಯವನ್ನು ಮನೆಗೆ ಒಯ್ದು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದೆ. ಫಳಫಳ ಹೊಳೆಯಿತು. ಹೆಮ್ಮೆಯಿಂದ ತಂದು ತೋರಿಸಿದೆ. ಅವರು ಭೂತಗನ್ನಡಿ ತೆಗೆದಿಟ್ಟರು.

"ಮೈ ತೊಳದೀರಿ, ಮುಖಾನೇ ಅಳಿಸೀರಿ."

ಮೂರು ದಿನ ನನ್ನೊಡನೆ ಮಾತಾಡಲಿಲ್ಲ. ನಾಲ್ಕನೆಯ ದಿನ ಚಹಾ ತರಿಸಿ, ಹೊಸ ಮುಳ್ಳೊಂದನ್ನು ಕೈಗಿತ್ತರು.

ಒಂದು ಸಂಜೆ ಅವರ ಮುಳ್ಳಿನ ತುದಿಯಲ್ಲಿ ಬಹಮನಿ ಸುಲ್ತಾನನೊಬ್ಬನ ಹೆಸರು ಪೂರ್ತಿ ಬಿಚ್ಚಿಕೊಂಡಿತು. ಇಬ್ಬರೂ ಕೂಡಿ ಓದಿದೆವು. "ಎಷ್ಟು ನೂರು ವರ್ಷ ಆಗಿತ್ತೋ ಏನೋ, ಯಾರೂ ಇವನ ಹೆಸರು ಹಿಡದು ಕರದಿದ್ದಿಲ್ಲ," ಎಂದರು. ಅವತ್ತೇ ನಾನು ಹೈದರಾಬಾದಿನ ಮ್ಯೂಸಿಯಮ್ಮಿಗೆ ಕಾಗದ ಬರೆದೆ. ತಂದು ತೋರಿಸಿ ಎಂದು ಉತ್ತರ ಬಂತು. ಆ ಉತ್ತರವನ್ನು ಇಮಾಮಸಾಬರು ಬಂದ ಗಿರಾಕಿಗಳಿಗೆಲ್ಲ ಓದಿ ಹೇಳಿದರು.

ಅವರ ಒಬ್ಬನೇ ಮಗ ಗಫೂರ ಪೊಲೀಸ್ ಆ್ಯಕ್ಷನ್ ಆದಾಗಿನಿಂದ ಜೈಲಿನಲ್ಲಿದ್ದ. ಅವನ ಮೇಲೆ ಯಾವ ಕೇಸೂ ನಡೆದಿರಲಿಲ್ಲ. ಅಂಗಡಿಯಲ್ಲಿ ಅವರು ಆ ಮಾತು ಎತ್ತುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ. ನಾಣ್ಯಗಳ ಬಗ್ಗೆ ಮಾತಾಡುವುದು ನನಗೆ ಸುಲಭವಾಗಿತ್ತು.

ಬೇಸಿಗೆಯಲ್ಲಿ ಎರಡು ತಿಂಗಳ ಟ್ರೇನಿಂಗಿಗೆ ಗುಲಬರ್ಗಕ್ಕೆ ಹೋದೆ. ನಾಣ್ಯಗಳ ಪೆಟ್ಟಿಗೆಯನ್ನು ಅವರ ಹತ್ತಿರವೇ ಬಿಟ್ಟಿದ್ದೆ. ಬಂದ ಮರುದಿನ, ಶಾಲೆಯ ಸಮಾರಂಭದ ಆಮಂತ್ರಣ ಕೊಡಲು ಒಬ್ಬ ಅಧಿಕಾರಿಯ ಬಂಗಲೆಗೆ ಹೋಗಬೇಕಾಯಿತು. ಜೈಲಿನಲ್ಲಿದ್ದವರ ಬಿಡುಗಡೆ ತೀರ್ಮಾನಿಸಲು ಹೊರಗಿನಿಂದ ಬಂದಿದ್ದವರು ಅವರು. ಪಡಸಾಲೆಯ ಮೇಜಿನ ಮೇಲೆ ಗಾಜಿನ ತಟ್ಟೆಯ ತುಂಬ ತಾಮ್ರದ ನಾಣ್ಯಗಳಿದ್ದವು. ಹೊಸ ಕೊಡದ ಹಾಗೆ ಹೊಳೆಯುತ್ತಿದ್ದವು. ಒಂದನ್ನು ಎತ್ತಿಕೊಂಡೆ. ಎರಡೂ ಮುಖ ನುಣ್ಣಗಿತ್ತು. ಅಂಚಿನಲ್ಲಿ ಸೀಳಿದ್ದ ಒಂದು ನಾಣ್ಯವನ್ನು ಗುರುತಿಸಿದೆ. ಅದರ ಸೀಳಿನ ಮಣ್ಣು ಬಿಡಿಸಲು ನಾನು ಹನ್ನೊಂದು ದಿನ ಕೂತಿದ್ದೆ.

"ಯಾರು ತಿಕ್ಕಿದ್ರು ಇವನ್ನ?" ಎಂದು ಜವಾನನನ್ನು ಕೇಳಿದೆ.

"ಗಡಿಯಾರದ ಇಮಾಮಸಾಬ್ರೀ. ಸಾಹೇಬ್ರಿಗಿ ಹೊಳಪು ಬೇಕಿತ್ತು. ಇಲ್ಲೇ ಹಿತ್ತಲದಾಗ ಎರಡು ದಿನಾ ಕುಂತು ಹುಣಸೆಹಣ್ಣು ಹಚ್ಚಿ ತಿಕ್ಯಾರ."

ಬೇರೆ ಯಾರಾದರೂ ತಿಕ್ಕಿದ್ದರೆ ಹೇಗೋ ತಾಳಿಕೊಳ್ಳುತ್ತಿದ್ದೆ. ನೆಟ್ಟಗೆ ಅಂಗಡಿಗೆ ಹೋಗಿ ಕಟ್ಟೆಯ ಕೆಳಗೆ ನಿಂತೆ. ಅವರು ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಗಡಿಯಾರದ ಹಿಂಬದಿ ತೆಗೆದರು, ಮತ್ತೆ ಹಾಕಿದರು.

"ಮಗ ಬಂದಾನ್ರಿ," ಎಂದರು.

ಒಳಗಿನ ಬಾಗಿಲ ಹತ್ತಿರ ಬಡಕಲು ಯುವಕನೊಬ್ಬ ಗೋಡೆಗೆ ಒರಗಿ ಕೂತಿದ್ದ. ಅವನು ನನಗೆ ಸಲಾಮು ಮಾಡಿದ. ನಾನು ಕೈ ಎತ್ತದೆ ತಿರುಗಿ ಬಂದೆ.

ಆಮೇಲೆ ನಾನು ಆ ಬಜಾರಿನಲ್ಲಿ ಹಾಯಲಿಲ್ಲ. ಗಡಿಯಾರ ಕೆಟ್ಟರೆ ಶಹಾಬಾದಿಗೆ ಒಯ್ಯುತ್ತಿದ್ದೆ. ನಾಣ್ಯಗಳು ಕಳೆದುಹೋದವೆಂದು ಮ್ಯೂಸಿಯಮ್ಮಿಗೆ ಬರೆದೆ. ಮುಂದಿನ ವರ್ಷ ಸೇಡಂಗೆ ವರ್ಗವಾಯಿತು. ಹೋಗುವಾಗಲೂ ಹೇಳಿ ಹೋಗಲಿಲ್ಲ.

ನಾಲ್ಕು ವರ್ಷದ ಮೇಲೆ ವಾಡಿ ಜಂಕ್ಷನ್ನಿನಲ್ಲಿ ಅವರು ಕಂಡರು. ಮಗನ ಜೊತೆ ಮುಂಬಯಿಗೆ ಹೊರಟಿದ್ದರು. ಹೆಂಡತಿ ತೀರಿಕೊಂಡಿದ್ದಳಂತೆ, ಅಂಗಡಿ ಮುಚ್ಚಿದ್ದರಂತೆ. ಗಫೂರ ನನ್ನನ್ನು ನೋಡಿ ನೀರು ತರುವ ನೆವದಲ್ಲಿ ದೂರ ಹೋದ. ಇಷ್ಟು ವರ್ಷ ಒಳಗಿಟ್ಟುಕೊಂಡದ್ದನ್ನು ಕೇಳಿಯೇ ಬಿಟ್ಟೆ.

"ನನಗ ಒಂದ್ ಮಾತು ಯಾಕ ಹೇಳಲಿಲ್ಲ? ಗುಲಬರ್ಗ ಏನು ದೂರ ಇತ್ತೇನ್ರಿ?"

ಇಮಾಮಸಾಬರು ಹಳಿಯ ಕಡೆ ನೋಡುತ್ತ ಹೇಳಿದರು.

"ಕೇಳಿದ್ರ ನೀವು ಬ್ಯಾಡ ಅಂತಿದ್ರಿ ಮಾಸ್ತರ. ನೀವು ಬ್ಯಾಡ ಅಂದ ಮ್ಯಾಲ ನನ್ನ ಕೈಲೆ ಅದು ಆಗ್ತಿದ್ದಿಲ್ಲ."

ಇಲ್ಲ, ನಾನು ಬೇಡ ಎನ್ನುತ್ತಿರಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ದೂರದಲ್ಲಿ ನಿಂತಿದ್ದ ಗಫೂರನನ್ನು ನೋಡಿ ಬಾಯಿ ಮುಚ್ಚಿಕೊಂಡೆ. ಗಾಡಿ ಬಂತು. ಗಫೂರ ಬಂದು ತಂದೆಯ ರಟ್ಟೆ ಹಿಡಿದು ಮೆಟ್ಟಿಲು ಹತ್ತಿಸಿದ.